ಮನೆಯ ಸ್ಟುಡಿಯೊದಲ್ಲಿ ಗುಂಯ್‌ಗುಟ್ಟುವ ಸದ್ದು: ಮೂಲ ಹಿಡಿಯುವ ಬಗೆ

ಕೀಬೋರ್ಡಿನ ಮೇಲೆ ಬೆರಳಿಟ್ಟಿಲ್ಲ, ಮೈಕಿನ ಮುಂದೆ ಯಾರೂ ಇಲ್ಲ, ಆದರೂ ಸ್ಪೀಕರಿನಿಂದ ಒಂದೇ ಸಮನೆ ಸದ್ದು ಬರುತ್ತಿದೆ. ಕಲಬುರಗಿಯಾಗಲಿ, ಬೀದರ್ ಆಗಲಿ, ಯಾದಗಿರಿಯಾಗಲಿ, ಮನೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಹೇಳುವ ದೂರುಗಳಲ್ಲಿ ಇದೇ ಮೊದಲನೆಯದು. ಬಹಳ ಜನ ಕೂಡಲೇ ಹೊಸ ಕೇಬಲ್ ಕೊಳ್ಳುತ್ತಾರೆ. ಅದರಿಂದ ಆಗದಿದ್ದರೆ ಹೊಸ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕು ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ತರುತ್ತಾರೆ. ಅದೂ ಆಗದಿದ್ದರೆ ಸದ್ದು ಅಳಿಸುವ ಪ್ಲಗಿನ್ ಹಾಕಿ ಹಾಡುವವರ ಉಸಿರನ್ನೂ ಅಳಿಸಿಬಿಡುತ್ತಾರೆ. ಹಣ ಖರ್ಚಾಗುತ್ತದೆ, ಸದ್ದು ಉಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಈ ದೋಷ ಹೆಚ್ಚಾಗಿ ಸಂಗೀತದ ಉಪಕರಣಗಳಲ್ಲಿ ಇರುವುದಿಲ್ಲ. ಗೋಡೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ಇರುತ್ತದೆ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಸದ್ದು ಯಾವುದು, ಯಾವ ದಾರಿಯಿಂದ ಬರುತ್ತಿದೆ ಎಂದು ಗುರುತಿಸಬೇಕು.

ಇಲ್ಲಿ ನನ್ನ ಕಣ್ಣ ಮುಂದಿರುವುದು ಸಾಮಾನ್ಯ ಜೋಡಣೆ: ಒಂದು ಲ್ಯಾಪ್‌ಟಾಪ್, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಮಿಡಿ ಕೀಬೋರ್ಡ್, ಒಂದು ಸಣ್ಣ ಸಿಂಥಸೈಜರ್ ಅಥವಾ ಡ್ರಮ್ ಮಷಿನ್, ಕರೆಂಟಿಗೆ ನೇರ ಹಾಕುವ ಎರಡು ಸ್ಪೀಕರ್, ಹಾಡು ಮುದ್ರಿಸಲು ಒಂದು ಮೈಕ್. ತತ್ವಪದಕ್ಕೆ ಸಿಂಥಸೈಜರ್ ಕೂಡಿಸುವವರು, ಹಲಗೆಯ ಪೆಟ್ಟನ್ನು ಮುದ್ರಿಸಿ ತುಂಡು ತುಂಡಾಗಿ ಜೋಡಿಸಿ ತಾಳ ಕಟ್ಟುವವರು, ಎಲ್ಲರ ಕೋಣೆಯಲ್ಲೂ ಇವೇ ಇರುತ್ತವೆ.

ಮೊದಲು ಸದ್ದನ್ನು ಕೇಳಿ

ಏನನ್ನೂ ನುಡಿಸದೆ ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೆಳಸ್ವರದ ಸದ್ದು ಕೇಳಿಸುವುದೇ ಇಲ್ಲ. ಐದು ಇಂಚಿನ ಸ್ಪೀಕರಿನಲ್ಲೂ ಅರ್ಧಂಬರ್ಧ. ಅಡಾಸಿಟಿ ಉಚಿತ ತಂತ್ರಾಂಶ. ಅದರಲ್ಲಿ ಈ ತುಣುಕನ್ನು ತೆರೆದು ‘ಅನಲೈಜ್’ ಪಟ್ಟಿಯಲ್ಲಿರುವ ‘ಪ್ಲಾಟ್ ಸ್ಪೆಕ್ಟ್ರಮ್’ ಒತ್ತಿದರೆ ಯಾವ ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನಗಳಲ್ಲಿ, ಸದ್ದು ಗುಡ್ಡದಂತೆ ಎದ್ದಿದೆ ಎಂದು ಕಾಣುತ್ತದೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಗುಡ್ಡಗಳು 50, 100, 150, 200ರಲ್ಲಿ ಎದ್ದಿದ್ದರೆ ಸದ್ದು ವಿದ್ಯುತ್ ಲೈನಿನಿಂದ ಬಂದದ್ದು, ಅನುಮಾನವೇ ಬೇಡ. ಅದರಲ್ಲೂ ಎರಡು ಬಗೆ. ಮೆತ್ತಗೆ, ದಪ್ಪಗೆ ‘ಗುಂಯ್’ ಎಂದರೆ 50 ಮತ್ತು 100 ಜೋರಾಗಿವೆ. ಅದು ಹೆಚ್ಚಾಗಿ ಮುಂದೆ ವಿವರಿಸುವ ಗ್ರೌಂಡ್ ಲೂಪ್, ಇಲ್ಲವೇ ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಒರಟಾಗಿ ‘ಜರ್’ ಎಂದರೆ ಮೇಲಿನ ಗುಣಕಗಳೂ ತುಂಬಿಕೊಂಡಿವೆ. ಅದು ಫ್ಯಾನ್ ರೆಗ್ಯುಲೇಟರ್, ಅಗ್ಗದ ಇನ್ವರ್ಟರ್, ಎಲ್‌ಇಡಿ ಬಲ್ಬು, ಚಾರ್ಜರ್ ಇವುಗಳಲ್ಲಿ ಒಂದರ ಕೆಲಸ. ಸೊಳ್ಳೆಯ ಹಾಗೆ ‘ಕೀಂ’ ಎಂದರೆ, ಗುಡ್ಡ ಸರಿಯಾಗಿ 1,000 ಅಥವಾ 8,000 ಹರ್ಟ್ಜ್‌ನಲ್ಲಿದ್ದರೆ, ಅದು ಯುಎಸ್‌ಬಿ ದಾರಿಯಿಂದ ನುಸುಳುತ್ತಿರುವುದು. ಯುಎಸ್‌ಬಿ ತನ್ನ ದತ್ತಾಂಶವನ್ನು ಸೆಕೆಂಡಿಗೆ ಸಾವಿರ ಸಲ, ವೇಗದ ಬಗೆಯಲ್ಲಿ ಎಂಟು ಸಾವಿರ ಸಲ ಕಂತುಕಂತಾಗಿ ಕಳಿಸುವುದರಿಂದ ಆ ಸಂಖ್ಯೆಗಳು. ‘ಸುಸ್’ ಎಂಬ ಸಮನಾದ ಸದ್ದಿಗೆ ಗುಡ್ಡವೇ ಇರುವುದಿಲ್ಲ. ಮೈಕಿನ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಪ್ರಮಾಣ, ಅತಿಯಾಗಿ ಏರಿಸಿದ್ದೀರಿ ಎಂದರ್ಥ. ಹಾಡುವವರನ್ನು ಮೈಕಿಗೆ ಹತ್ತಿರ ಕರೆದು ಗೇನ್ ಇಳಿಸಿದರೆ ಮುಗಿಯಿತು.

ಹಾರ್ಮೋನಿಯಂ ಬಲ್ಲವರಿಗೆ ಕಿವಿಯೇ ಮೀಟರ್. ಬಿಳಿ ಐದಕ್ಕೆ ಶ್ರುತಿ ಹಿಡಿದು ಹಾಡುವವರ ಕೆಳಷಡ್ಜ 98 ಹರ್ಟ್ಜ್. ಲೈನಿನ ಸದ್ದು 100. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಎರಡು ಸಲ ಅಲೆಯಾಡುತ್ತದೆ. ‘ನನ್ನ ಏಕತಾರಿ ಶ್ರುತಿಯಲ್ಲಿದೆ, ಮುದ್ರಣದಲ್ಲಿ ಮಾತ್ರ ನಡುಗುತ್ತದೆ’ ಎಂದು ಹಿರಿಯ ಗಾಯಕರು ಹೇಳಿದರೆ ಅವರ ಕಿವಿಯನ್ನು ನಂಬಿ. ಏಕತಾರಿ ಸರಿಯಾಗಿಯೇ ಇರುತ್ತದೆ. ನಡುಗಿಸುತ್ತಿರುವುದು ನಿಮ್ಮ ವೈರಿಂಗ್.

ದಾರಿ ಕತ್ತರಿಸುತ್ತ ಬನ್ನಿ

ಸ್ಪೀಕರಿನ ದನಿ ತಗ್ಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ, ಬರೆದುಕೊಳ್ಳಿ. ಎರಡನ್ನು ಒಟ್ಟಿಗೆ ಬದಲಿಸಿ ಸದ್ದು ಹೋದರೆ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ, ನಾಳೆ ಅದು ಮತ್ತೆ ಬರುತ್ತದೆ.

ಮೊದಲು ಸ್ಪೀಕರಿನ ಹಿಂದಿನ ಆಡಿಯೊ ಕೇಬಲ್ ತೆಗೆಯಿರಿ. ಆಗಲೂ ಸದ್ದು ಇದ್ದರೆ ದೋಷ ಸ್ಪೀಕರಿನ ಒಳಗೇ ಇದೆ, ಅಥವಾ ಅದಕ್ಕೆ ಕರೆಂಟು ಕೊಡುವ ಸಾಕೆಟ್ಟಿನಲ್ಲಿದೆ. ಬೇರೆ ಕೋಣೆಯ ಸಾಕೆಟ್ಟಿಗೆ ಹಾಕಿ ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಸದ್ದು ನಿಂತರೆ ಕೇಬಲ್ ಮತ್ತೆ ಹಾಕಿ, ಇಂಟರ್‌ಫೇಸಿನಿಂದ ಸಿಂಥಸೈಜರ್, ಮೈಕ್ ಒಂದೊಂದಾಗಿ ಬಿಡಿಸಿ. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಇನ್ನೊಂದಿಲ್ಲ. ಒಂದು ಪೈಸೆ ಖರ್ಚಿಲ್ಲ, ಹೊತ್ತೂ ಹಿಡಿಯುವುದಿಲ್ಲ, ಎಷ್ಟೋ ಮನೆಗಳಲ್ಲಿ ಇಲ್ಲಿಗೇ ಉತ್ತರ ಸಿಗುತ್ತದೆ. ಚಾರ್ಜರ್ ತೆಗೆದ ಕ್ಷಣ ಸದ್ದು ಮಾಯವಾದರೆ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಅರ್ಥಿಂಗ್: ಇಲ್ಲದಿರುವುದು, ಎರಡಿರುವುದು

ಚಾರ್ಜರ್ ಹಾಕಿದಾಗ ಬರುವ ಸದ್ದಿಗೆ ಎರಡು ಕಾರಣಗಳಿವೆ. ಅವು ಒಂದಕ್ಕೊಂದು ವಿರುದ್ಧ.

ಒಂದು, ಅರ್ಥಿಂಗ್ ಇಲ್ಲದಿರುವುದು. ಚಾರ್ಜರಿನೊಳಗೆ ಲೈನಿನ ಗಲಾಟೆಯನ್ನು ತಡೆಯಲು ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ಮೂಲಕ ಅತಿ ಸಣ್ಣ ಸೋರಿಕೆ ಲ್ಯಾಪ್‌ಟಾಪಿನ ಲೋಹದ ಮೈಗೆ ಬರುತ್ತದೆ. ಅರ್ಥಿನ ತಂತಿ ಇದ್ದರೆ ಅದು ನೆಲಕ್ಕೆ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಬೇರೆ ದಾರಿ ಹುಡುಕುತ್ತದೆ: ಯುಎಸ್‌ಬಿ ಕೇಬಲ್, ಇಂಟರ್‌ಫೇಸ್, ಆಡಿಯೊ ಕೇಬಲ್ಲಿನ ಹೊರಹೊದಿಕೆ, ಸ್ಪೀಕರ್. ಲ್ಯಾಪ್‌ಟಾಪಿನ ಮೈ ಮುಟ್ಟಿದಾಗ ಬೆರಳು ಜುಮ್ ಎನ್ನುವುದು ಇದೇ ಸೋರಿಕೆಯಿಂದ. ಟೆಸ್ಟರ್ ಇಟ್ಟರೆ ಮಂದವಾಗಿ ಹೊತ್ತಿಕೊಳ್ಳುತ್ತದೆ. ಒಣ ಕೈಯಿಂದ ಆ ಲೋಹವನ್ನು ಮುಟ್ಟಿದಾಗ ಸದ್ದು ಕಡಿಮೆಯಾದರೆ, ನಿಮ್ಮ ದೇಹವೇ ಅರ್ಥಿನ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಜುಮ್ ಎನ್ನುವ ಬದಲು ನಿಜವಾದ ಶಾಕ್ ಹೊಡೆದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಮೇನ್ ಆಫ್ ಮಾಡಿ, ವೈರಿಂಗ್ ಬಲ್ಲವರನ್ನು ಕರೆಯಿರಿ.

ಸಾಕೆಟ್ಟಿಗೆ ಮೂರು ತೂತುಗಳಿದ್ದ ಮಾತ್ರಕ್ಕೆ ಹಿಂದೆ ಅರ್ಥಿನ ತಂತಿ ಇದೆ ಎಂದಲ್ಲ. ಕಲಬುರಗಿಯ ಬ್ರಹ್ಮಪುರ, ಶಹಾಬಜಾರದಂಥ ಹಳೆಯ ಭಾಗಗಳ ಮನೆಗಳಲ್ಲಿ ಎರಡೇ ತಂತಿಯ ವೈರಿಂಗಿಗೆ ಮುಂದೆ ಮೂರು ತೂತಿನ ಸಾಕೆಟ್ ಕೂರಿಸಿರಬಹುದು. ‘ಮೂರು ಪಿನ್ ಇದೆಯಲ್ಲ ತಮ್ಮಾ, ಅರ್ಥಿಂಗ್ ಇದ್ದೇ ಇರುತ್ತದೆ’ ಎಂದು ವೈರಿಂಗಿನವರು ಹೇಳಿದರೆ, ‘ಅಣ್ಣಾ, ಒಂದು ಸಲ ಮೀಟರ್ ಇಟ್ಟು ತೋರಿಸಿ’ ಎಂದು ವಿನಯದಿಂದಲೇ ಕೇಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಎರಡನೆಯ ಅಳತೆ ತೀರ ಕಡಿಮೆ ಬಂದರೆ ಅಥವಾ ಒಂದೇ ಸಮನೆ ಏರಿಳಿದರೆ ಅರ್ಥ್ ತಂತಿ ಎಲ್ಲಿಗೂ ಹೋಗಿಲ್ಲ. ಮೂರನೆಯದು, ಕೂಲರ್, ಇಸ್ತ್ರಿಪೆಟ್ಟಿಗೆ ಓಡುತ್ತಿದ್ದರೂ ಅಲುಗಾಡದೆ ಸೊನ್ನೆಯಲ್ಲೇ ನಿಂತರೆ ಎಚ್ಚರ: ಯಾರೋ ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥಿನ ತೂತಿಗೆ ಜೋಡಿಸಿರಬಹುದು. ಇದು ಸದ್ದಿನ ಮಾತಲ್ಲ, ಜೀವದ ಮಾತು. ಆ ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಲೋಹದ ಮೈಯ ಪ್ರತಿ ಉಪಕರಣದ ಮೇಲೂ 230 ವೋಲ್ಟ್ ಬಂದು ಕೂರುತ್ತದೆ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಈ ಅಳತೆಗಳನ್ನು ತಾವೇ ಮಾಡಬಾರದು.

ತಂತಿ ಇದ್ದೂ ನೆಲ ಕೈಕೊಡುವುದುಂಟು. ಕಲಬುರಗಿಯ ಎರೆಭೂಮಿ ಹಸಿಯಿದ್ದಾಗ ಒಳ್ಳೆಯ ಅರ್ಥ್. ಏಪ್ರಿಲ್, ಮೇ ತಿಂಗಳಲ್ಲಿ ಬಿರುಕು ಬಿಟ್ಟಾಗ ಅರ್ಥಿನ ಪೈಪಿಗೂ ಮಣ್ಣಿಗೂ ಸಂಪರ್ಕ ಬಿಡುತ್ತದೆ. ಶಹಾಬಾದ್, ಚಿತ್ತಾಪುರದ ಕಡೆ ಸ್ವಲ್ಪ ಅಗೆದರೆ ಹಾಸುಗಲ್ಲು ಹತ್ತುತ್ತದೆ, ಗುಂಡಿ ಆಳಕ್ಕೆ ಹೋಗುವುದಿಲ್ಲ. ಬೀದರಿನ ಜಂಬಿಟ್ಟಿಗೆ ನೆಲ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಇಲ್ಲದ ಸದ್ದು ಬೇಸಿಗೆಯಲ್ಲಿ ಬಂದಿದ್ದರೆ ಮೊದಲು ಅರ್ಥಿನ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ, ಮರುದಿನ ಅದೇ ಅರ್ಧ ನಿಮಿಷದ ಮುದ್ರಣ ಮಾಡಿ ಹೋಲಿಸಿ. ವ್ಯತ್ಯಾಸ ಕಂಡರೆ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಲು ಹೇಳಿ. ಇದು ಹಾಡಿಗಾಗಿ ಮಾತ್ರ ಮಾಡುವ ಕೆಲಸವಲ್ಲ. ನೀರು ತುಂಬಿದ ಕೂಲರ್ ಇರುವ ಪ್ರತಿ ಮನೆಗೂ ಬೇಕಾದದ್ದು.

ಎರಡನೆಯ ಕಾರಣ ಗ್ರೌಂಡ್ ಲೂಪ್. ಇಲ್ಲಿ ಅರ್ಥಿಂಗ್ ಇದೆ, ಆದರೆ ಎರಡು ದಾರಿಗಳಲ್ಲಿ. ಸ್ಪೀಕರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್ ಎದುರು ಗೋಡೆಯಲ್ಲಿ, ನಡುವೆ ಆಡಿಯೊ ಕೇಬಲ್. ಅರ್ಥಿನ ತಂತಿ ಮತ್ತು ಕೇಬಲ್ಲಿನ ಹೊದಿಕೆ ಸೇರಿ ಒಂದು ಸುತ್ತು ಪೂರ್ತಿಯಾಗುತ್ತದೆ. ಎರಡು ಸಾಕೆಟ್ಟುಗಳ ಅರ್ಥ್ ನಡುವಿನ ಚಿಕ್ಕ ವೋಲ್ಟೇಜ್ ವ್ಯತ್ಯಾಸವೇ ಆ ಸುತ್ತಿನಲ್ಲಿ ಕರೆಂಟು ಹರಿಸಲು ಸಾಕು. ಲೋಹ ಮುಟ್ಟಿದರೂ ಈ ಸದ್ದು ಬದಲಾಗುವುದಿಲ್ಲ. ಹಿಂದಿನ ಬಗೆಯಿಂದ ಇದನ್ನು ಬೇರೆ ಮಾಡುವ ಗುರುತು ಅದೇ.

ಪರಿಹಾರ ಸುಲಭ. ಎಲ್ಲ ಸಂಗೀತ ಉಪಕರಣಗಳನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಓಡಿಸಿ. ಇಂಥ ಚಿಕ್ಕ ಸ್ಟುಡಿಯೊ ಎಳೆಯುವ ಕರೆಂಟು 6 ಆಂಪಿಯರ್ ಸಾಕೆಟ್ಟಿಗೆ ಭಾರವಲ್ಲ. ಅದರ ನಂತರವೂ ಉಳಿದರೆ ಇಂಟರ್‌ಫೇಸಿನಿಂದ ಸ್ಪೀಕರಿಗೆ ಮೂರು ಸಂಪರ್ಕದ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಪಿನ್ನಿನ ಮೇಲೆ ಎರಡು ಕಪ್ಪು ಗೆರೆಗಳಿದ್ದರೆ ಅದು ಆ ಬಗೆ, ಒಂದೇ ಗೆರೆ ಇದ್ದರೆ ಅಲ್ಲ. ಅಂಗಡಿಯಲ್ಲಿ ‘ಸ್ಟೀರಿಯೊ ಪಿನ್ ಕೇಬಲ್’ ಎಂದು ಕೇಳಿದರೂ ಕೊಡುತ್ತಾರೆ, ಆದರೆ ಎರಡೂ ತುದಿಯಲ್ಲಿ ಎರಡೆರಡು ಗೆರೆ ಇವೆಯೇ ಎಂದು ನೋಡಿಯೇ ತೆಗೆದುಕೊಳ್ಳಿ. ಸಿಂಥಸೈಜರಿನ ಕಡೆಯಿಂದ ಬರುವ ಸದ್ದಿಗೆ ವಾದ್ಯದ ಸಂಕೇತವನ್ನು ಬ್ಯಾಲೆನ್ಸ್ಡ್ ಮಾಡಿ ದಾಟಿಸುವ ಡಿಐ ಬಾಕ್ಸ್ ಅಥವಾ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಮದ್ದು.

ಇಲ್ಲಿ ಮಿಡಿಯ ಬಗ್ಗೆ, ಅಂದರೆ ಯಾವ ಸ್ವರ ಒತ್ತಿದಿರಿ ಎಂಬ ಸಂಕೇತವನ್ನು ಉಪಕರಣಗಳ ನಡುವೆ ಸಾಗಿಸುವ ವ್ಯವಸ್ಥೆಯ ಬಗ್ಗೆ, ಒಂದು ಮಾತು ಹೇಳದಿರಲಾರೆ. 1983ರಲ್ಲಿ ಬಂದ ಐದು ಪಿನ್ನಿನ ಹಳೆಯ ಮಿಡಿ ಸಂಪರ್ಕವನ್ನು ರೂಪಿಸಿದವರು ಈ ತೊಂದರೆಯನ್ನು ಮೊದಲೇ ಕಂಡಿದ್ದರು. ಸಂಕೇತ ಪಡೆಯುವ ಕಡೆ ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ ಇಟ್ಟಿದ್ದಾರೆ. ಎರಡು ಉಪಕರಣಗಳ ಅರ್ಥ್ ಒಂದಕ್ಕೊಂದು ತಾಕುವುದೇ ಇಲ್ಲ. ಯುಎಸ್‌ಬಿ ಮಿಡಿಯಲ್ಲಿ ಆ ರಕ್ಷಣೆ ಇಲ್ಲ. ನಿಮ್ಮ ಸಿಂಥಸೈಜರಿಗೆ ಯುಎಸ್‌ಬಿ ಹಾಕಿದಾಗ ಮಾತ್ರ ‘ಕೀಂ’ ಕೇಳುತ್ತಿದ್ದರೆ ಆ ಕೇಬಲ್ ತೆಗೆದು ಐದು ಪಿನ್ನಿನದನ್ನು ಹಾಕಿ. ಹಳೆಯದೆಂದು ಮೂಲೆಗೆ ಸರಿಸಿದ ಕೇಬಲ್ ಈ ಒಂದು ಕೆಲಸದಲ್ಲಿ ಹೊಸದನ್ನು ಮೀರಿಸುತ್ತದೆ.

ಚಾರ್ಜರಿನ ಅಥವಾ ಸ್ಪೀಕರಿನ ಅರ್ಥ್ ಪಿನ್ನನ್ನು ಕತ್ತರಿಸಿ, ಇಲ್ಲವೇ ಟೇಪು ಸುತ್ತಿ ಸದ್ದು ನಿಲ್ಲಿಸಿದವರನ್ನು ಕಂಡಿದ್ದೇನೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗೆ ಎಲ್ಲಾದರೂ ಫೇಸ್ ತಂತಿ ಲೋಹಕ್ಕೆ ತಾಗಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ ಇರುವುದಿಲ್ಲ. ಹಾಡುವವರು ಲೋಹದ ಮೈಕ್ ಹಿಡಿದು ತುಟಿಗೆ ತಾಗಿಸಿ ನಿಂತಿರುತ್ತಾರೆ. ಯಾವ ಕಾರಣಕ್ಕೂ ಈ ಕೆಲಸ ಮಾಡಬೇಡಿ, ಮಾಡಲು ಬಿಡಬೇಡಿ.

ಫ್ಯಾನು, ಇನ್ವರ್ಟರು, ಮೊಬೈಲು

‘ಜರ್’ ಎನ್ನುವ ಸದ್ದಿಗೆ ಮೊದಲು ಫ್ಯಾನ್ ಆಫ್ ಮಾಡಿ ನೋಡಿ. ನಿಂತರೆ ಫುಲ್ ಸ್ಪೀಡಿಗೆ ಇಟ್ಟು ನೋಡಿ. ಎರಡು, ಮೂರರಲ್ಲಿ ಜೋರಾಗಿದ್ದು ಫುಲ್ ಇಟ್ಟಾಗ ತಗ್ಗಿದರೆ ದೋಷ ತಿರುಗುಗುಂಡಿಯ ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು: ಅದು ಕರೆಂಟಿನ ಪ್ರತಿ ಅಲೆಯನ್ನೂ ಅರ್ಧದಲ್ಲಿ ಕತ್ತರಿಸುತ್ತದೆ, ಕತ್ತರಿಸಿದ ಅಂಚೇ ಸದ್ದಾಗುತ್ತದೆ. ಕೆಪಾಸಿಟರ್ ಇರುವ ಹಂತಹಂತದ ರೆಗ್ಯುಲೇಟರ್ ಹಾಕಿಸಿದರೆ ಹೋಗುತ್ತದೆ.

ಕರೆಂಟು ಹೋದಾಗ ಮಾತ್ರ ಬರುವ ಸದ್ದು ಇನ್ವರ್ಟರಿನದು. ಸ್ಕ್ವೇರ್ ವೇವ್ ಇನ್ವರ್ಟರ್ 50 ಹರ್ಟ್ಜ್‌ನ ಬೆಸ ಗುಣಕಗಳನ್ನು, ಅಂದರೆ 150, 250, 350 ಇವನ್ನೆಲ್ಲ ಧಾರಾಳವಾಗಿ ಕೊಡುತ್ತದೆ. ಬೇಸಿಗೆಯಲ್ಲಿ ಹಗಲು ಕರೆಂಟು ಹೋಗುವ ಬಡಾವಣೆಯಲ್ಲಿದ್ದು, ಹೊಸ ಇನ್ವರ್ಟರ್ ತೆಗೆದುಕೊಳ್ಳುವ ಯೋಚನೆ ಮನೆಯಲ್ಲಿ ನಡೆದಿದ್ದರೆ ಸೈನ್ ವೇವ್ ಬಗೆಯದಕ್ಕೆ ಒತ್ತಾಯಿಸಿ. ಕೊಳ್ಳಲಾಗದಿದ್ದರೆ ಆ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆಯೇ ಓಡಿಸಿ ಹೆಡ್‌ಫೋನಿನಲ್ಲಿ ಕೆಲಸ ಮಾಡಿ. ವಿದ್ಯುತ್ ಲೈನಿನ ಗೊಡವೆಯೇ ಇಲ್ಲದ ಆ ಹೊತ್ತು ಮುದ್ರಣಕ್ಕೆ ಬಹಳ ಒಳ್ಳೆಯದು. ಇನ್ವರ್ಟರನ್ನೂ ಆಫ್ ಮಾಡಿದರೆ ಫ್ಯಾನುಗಳೂ ನಿಂತಿರುತ್ತವೆ. ಮೈಕಿನ ಕೇಬಲ್ ಇನ್ವರ್ಟರ್, ಸ್ಟೆಬಿಲೈಜರ್‌ಗಳ ಪಕ್ಕದಲ್ಲಿ ಹಾಯಬಾರದು. ಅವುಗಳ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ದೂರ ಹೋದಂತೆ ಬೇಗ ಇಳಿಯುತ್ತದೆ, ಎರಡು ಮೀಟರ್ ದೂರ ಸಾಕು.

‘ಟಿಟಿಟ್ ಟಿಟಿಟ್’ ಎಂದು ಬಿಟ್ಟುಬಿಟ್ಟು ಬರುವುದು ಮೊಬೈಲಿನದು. ಅದು 2ಜಿ ಜಾಲಕ್ಕೆ ಇಳಿದಾಗ ಸೆಕೆಂಡಿಗೆ 217 ಸಲ ಮಿಡಿಯುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ.

ಪಟಪಟ ಸಿಡಿಯುವ ಸದ್ದು

ಇದು ಬೇರೆಯದೇ ಕುಲ. ಸಿಡಿತ ಕೇಳಿದ ಜಾಗವನ್ನು ಮತ್ತೊಮ್ಮೆ ನುಡಿಸಿ. ಅದೇ ಕ್ಷಣದಲ್ಲಿ ಮತ್ತೆ ಕೇಳಿದರೆ ಅದು ಕಡತದಲ್ಲೇ ಸೇರಿದೆ. ಮುದ್ರಿಸುವಾಗ ಮಟ್ಟ ಮೀರಿ ಮುರಿದಿದೆ ಅಥವಾ ಕೇಬಲ್ ಅಲುಗಿದೆ. ಸಲಸಲಕ್ಕೂ ಬೇರೆ ಜಾಗದಲ್ಲಿ ಕೇಳಿದರೆ ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ದತ್ತಾಂಶ ಒದಗಿಸುತ್ತಿಲ್ಲ. ಗುಂಡಿ ತಿರುಗಿಸಿದಾಗ ಮಾತ್ರ ಕೇಳಿದರೆ ಒಳಗೆ ಧೂಳು ಸೇರಿದೆ. ತೊಗರಿ ರಾಶಿ, ದಾಲ್ ಮಿಲ್ ಇರುವ ನಮ್ಮ ಊರುಗಳಲ್ಲಿ ಧೂಳಿಗೆ ಬರವಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಆಚೀಚೆ ಹಲವು ಸಲ ತಿರುಗಿಸಿ, ಬಳಸದಾಗ ಬಟ್ಟೆ ಮುಚ್ಚಿ.

ಕಂಪ್ಯೂಟರಿನದಾದರೆ ಬಫರ್, ಅಂದರೆ ಅದು ಒಂದು ಸಲಕ್ಕೆ ಸೇರಿಸಿಟ್ಟುಕೊಳ್ಳುವ ಸದ್ದಿನ ಕಂತು, ಎಷ್ಟಿದೆ ನೋಡಿ. 48,000 ಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, 256 ಎಂದರೆ 5.3, 1024 ಎಂದರೆ 21.3. ಹಾಡು ಮುದ್ರಿಸುವಾಗ ಚಿಕ್ಕದು ಬೇಕು, ಇಲ್ಲದಿದ್ದರೆ ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿ ತಾಳ ಜಾರುತ್ತದೆ. ಮಿಶ್ರಣ ಮಾಡುವಾಗ 1024ಕ್ಕೆ ಏರಿಸಿ. ಏರಿಸಿದರೂ ನಿಲ್ಲದಿದ್ದರೆ ವೈಫೈ ಆಫ್ ಮಾಡಿ, ವಿದ್ಯುತ್ ಉಳಿಸುವ ವ್ಯವಸ್ಥೆಯನ್ನು ತೆಗೆಯಿರಿ.

ಇಲ್ಲಿಯವರು ಇನ್ನೂ ಒಂದನ್ನು ನೋಡಲೇಬೇಕು, ಅದು ಬಿಸಿಲು. 42 ಡಿಗ್ರಿ ದಾಟುವ ಮೇ ಮಧ್ಯಾಹ್ನದಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಆರಕ್ಕೆ ಸರಾಗವಾಗಿ ನುಡಿದ ಹಾಡು ಮೂರು ಗಂಟೆಗೆ ಸಿಡಿಯುವುದು ಅದಕ್ಕೇ. ಒಂದೇ ಹಾಡನ್ನು ಎರಡೂ ಹೊತ್ತಿನಲ್ಲಿ ನುಡಿಸಿ ನೋಡಿ, ಗೊತ್ತಾಗುತ್ತದೆ. ಹಾಸಿಗೆಯ ಮೇಲೆ ಇಟ್ಟು ಗಾಳಿಯ ಕಂಡಿ ಮುಚ್ಚಬೇಡಿ, ಒಳಗಿನ ಧೂಳು ತೆಗೆಸಿ, ಮುಗಿದ ಟ್ರ್ಯಾಕುಗಳನ್ನು ಆಡಿಯೊ ಆಗಿ ಮಾರ್ಪಡಿಸಿ ಪ್ಲಗಿನ್‌ಗಳ ಭಾರ ಇಳಿಸಿ. ಕೂಲರಿನ ತೇವದ ಗಾಳಿಯನ್ನು ನೇರವಾಗಿ ಉಪಕರಣಗಳ ಮೇಲೆ ಬಿಡಬೇಡಿ.

ಸದ್ದಿಲ್ಲದೆಯೂ ಒಂದು ದೋಷ ಕಾಡುತ್ತದೆ: ಹಾಡು ಇದ್ದಕ್ಕಿದ್ದಂತೆ ವೇಗವಾಗಿ, ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಮೇಲಿನ ಶ್ರುತಿಯಲ್ಲಿ ನುಡಿಯುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ನಲ್ಲಿ ಮುದ್ರಿಸಿದ್ದನ್ನು 48,000ರಲ್ಲಿ ನುಡಿಸುತ್ತಿದ್ದೀರಿ. ಎರಡು ಕಡೆಯೂ ಒಂದೇ ಸಂಖ್ಯೆ ಇಡಿ.

ಕೋಣೆಯ ತಪ್ಪನ್ನು ತಂತಿಗೆ ಹೊರಿಸಬೇಡಿ

ಶಹಾಬಾದ್ ಕಲ್ಲಿನ ನೆಲ, ಸುಣ್ಣದ ಗೋಡೆ, ಖಾಲಿ ಕೋಣೆ: ಇಲ್ಲಿ ಮುದ್ರಿಸಿದ ದನಿಯ ಹಿಂದೆ ಲೋಹದಂಥ ‘ಝಣ್’ ಕೇಳುತ್ತದೆ. ಚಪ್ಪಾಳೆ ತಟ್ಟಿ ನೋಡಿ, ಅದೇ ‘ಝಣ್’ ಬಂದರೆ ಯಾವ ಕೇಬಲ್ಲಿನದೂ ದೋಷವಲ್ಲ. ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ಎರಡು ದಪ್ಪ ಕೌದಿಗಳನ್ನು ಇಳಿಬಿಡಿ, ಕಾಲ ಕೆಳಗೆ ಜಮಖಾನೆ ಹಾಸಿ. ಹಳೆಯ ಸೀರೆಗಳ ಪದರ ಪದರ ಸೇರಿಸಿ ಹೊಲಿದ ಅಜ್ಜಿಯ ಕೌದಿ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಆಗಿಹೋದ ಮುದ್ರಣ ಮತ್ತು ದುರಸ್ತಿ

ಮತ್ತೆ ಹಾಡಿಸಲು ಆಗದ ಮುದ್ರಣವೊಂದು ಗುಂಯ್ ಸದ್ದಿನೊಂದಿಗೇ ಕೈಯಲ್ಲಿದ್ದರೆ ಮಾತ್ರ ತಂತ್ರಾಂಶದ ನೆರವು ಪಡೆಯಿರಿ. 50, 100, 150, 200 ಹರ್ಟ್ಜ್‌ಗಳಲ್ಲಿ ಬಹಳ ಕಿರಿದಾದ ನಾಚ್ ಫಿಲ್ಟರ್, ಅಂದರೆ ಆ ಹರ್ಟ್ಜ್‌ ಒಂದನ್ನೇ ಕೊರೆದು ತೆಗೆಯುವ ಸಾಧನ, ಹಾಕಿ. ಅಗಲವಾಗಿ ಕೊರೆದರೆ ಗಂಡಸರ ದನಿಯ ತಳವೇ ಅಲ್ಲಿ ಇರುವುದರಿಂದ ದನಿ ಟೊಳ್ಳಾಗುತ್ತದೆ. ಸದ್ದು ತಗ್ಗಿಸುವ ಸಾಧನವನ್ನು 6ರಿಂದ 9 ಡೆಸಿಬಲ್ ಮೀರಿಸಬೇಡಿ. ಇನ್ನು ಮುಂದೆ ಪ್ರತಿ ಹಾಡಿನ ಮೊದಲು ಹತ್ತು ಸೆಕೆಂಡು ಸುಮ್ಮನಿದ್ದು ಮುದ್ರಿಸಿ. ಆ ಸಾಧನಕ್ಕೆ ಮಾದರಿಯಾಗಿ ಬೇಕಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಉಪಕರಣ ಹಾಕಿದಾಗ ಮಾತ್ರ 100 ಹರ್ಟ್ಜ್ ಉಳಿದರೆ ಅದರ ಅಡಾಪ್ಟರ್ ಬದಲಿಸಿ ನೋಡಿ. ಕಳೆದುಹೋದ ಅಡಾಪ್ಟರಿಗೆ ಬದಲು ಬೇರೆ ಯಾವುದನ್ನೋ ಹಾಕಿದ್ದರೆ ವೋಲ್ಟೇಜ್, ಆಂಪಿಯರ್, ನಡುಪಿನ್ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಮೂರನ್ನೂ ಉಪಕರಣದ ಬೆನ್ನಿನ ಮೇಲಿರುವುದರೊಂದಿಗೆ ಹೋಲಿಸಿ. ನಡುಪಿನ್ ತಿರುಗುಮುರುಗಾದರೆ ಉಪಕರಣವೇ ಸುಡಬಹುದು. ಅಡಾಪ್ಟರ್ ಸರಿಯಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಹೆಚ್ಚು. ಹತ್ತು ಹದಿನೈದು ಬೇಸಿಗೆ ಕಂಡ ಉಪಕರಣದಲ್ಲಿ ಅದು ಸಹಜ. ನೇರ ಕರೆಂಟಿನ ಉಪಕರಣವನ್ನು ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ನಿಂತಿರುತ್ತದೆ. ರಿಪೇರಿಗೆ ಕೊಡುವಾಗ ಅಡಾಪ್ಟರನ್ನೂ ಕೇಬಲ್ಲನ್ನೂ ಜೊತೆಗೆ ಒಯ್ಯಿರಿ, ಯಾವ ಯಾವುದನ್ನು ಬಿಡಿಸಿದಾಗ ಏನಾಯಿತು ಎಂದು ಬರೆದ ಹಾಳೆ ಮತ್ತು ಆ ಅರ್ಧ ನಿಮಿಷದ ಮುದ್ರಣವನ್ನು ಕೊಡಿ. ಅಂಗಡಿಯ ಅರ್ಥಿಂಗ್ ಚೆನ್ನಾಗಿದ್ದರೆ ಅಲ್ಲಿ ಸದ್ದೇ ಕೇಳಿಸದೆ, ‘ಸರಿಯಾಗಿಯೇ ಇದೆ’ ಎಂದು ಹಿಂದಿರುಗಿಸುವುದುಂಟು. ಹಾಗಾದರೆ ಉಪಕರಣ ನಿಜಕ್ಕೂ ಸರಿಯಿದೆ. ವೈರಿಂಗಿನವರನ್ನು ಮನೆಗೆ ಕರೆಸಿ.